ಗುರುವಿನ ಪಕ್ಕದ ಚಂದ್ರ

ಪಡಸಾಲೆ ಗುಡಿಸುವಾಗ ಮೂಲೆಯಲ್ಲಿ ಹಬ್ಬಕ್ಕೆ ಕೂರಿಸಿದ ಗೌರಿಯ ಕಡೆಗೆ ನೋಡಬಾರದೆಂದು ಕದಿರಮ್ಮ ಬೆಳಿಗ್ಗೆ ಏಳುವಾಗಲೇ ತೀರ್ಮಾನ ಮಾಡಿಕೊಂಡಿದ್ದಳು. ಆದರೆ ನೋಡಬಾರದೆಂದುಕೊಂಡ ಮೂಲೆಯೇ ಮೈಯೆಲ್ಲ ಕಣ್ಣಾಗಿ ತನ್ನನ್ನು ನೋಡುತ್ತಿದೆ ಎನ್ನಿಸಿ ಪೊರಕೆ ಅರ್ಧದಲ್ಲೇ ನಿಂತಿತು. ಮಣೆಯ ಸುತ್ತ ಮೊಳದಷ್ಟು ಜಾಗ ಬಿಟ್ಟು ಉಳಿದದ್ದನ್ನು ಗುಡಿಸಿದಳು. ನಿನ್ನೆಯ ಪತ್ರೆ, ಬಾಡಿದ ಗರಿಕೆ, ಉದುರಿದ ಅಕ್ಷತೆ ಅಲ್ಲಲ್ಲೇ ಉಳಿದವು. ಅಡಿಗೆಮನೆಯಲ್ಲಿ ಅಕ್ಕ ಪಾಪಕ್ಕ ಕೆಮ್ಮಿದ್ದು ಕೇಳಿಸಿತು. ಅಕ್ಕ ಅಲ್ಲಿದ್ದಾಳೆ, ಭಾವ ಸ್ನಾನಕ್ಕೆ ಹೋಗಿದ್ದಾರೆ, ಹಾಗಾದರೆ ಈ ಗಳಿಗೆಯಲ್ಲಿ ಗೌರಿಯ ಮುಂದೆ ಇರುವವಳು ತಾನೊಬ್ಬಳೇ ಎಂಬುದು ಥಟ್ಟನೆ ಹೊಳೆಯಿತು. ಗುಡಿಸುತ್ತಿದ್ದೇನೆ, ಬರೀ ಗುಡಿಸುತ್ತಿದ್ದೇನೆ ಎಂದು ಮನೆಗೆಲ್ಲ ಕೇಳಿಸುವ ಹಾಗೆ ಪೊರಕೆಯನ್ನು ನೆಲಕ್ಕೆ ಬಡಿಬಡಿದು, ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಹಿತ್ತಿಲಿಗೆ ಬಂದುಬಿಟ್ಟಳು. ಬಂದ ಮೇಲೆ ಅನ್ನಿಸಿತು: ಕಳ್ಳರೇ ಹೀಗೆ ಹಿಂದಕ್ಕೆ ನಡೆಯುವುದು.

ಗೌರಿಯ ಮೂಗಿನಲ್ಲಿ ಅವ್ವನ ಮೂಗುಬೊಟ್ಟು ಇತ್ತು. ಒಂದೇ ಬಿಳಿಕಲ್ಲಿನದು. ರಾಯದುರ್ಗದ ಈ ಕೇರಿಯಲ್ಲಿ ಗಣಪತಿಯನ್ನು ಕೂರಿಸುವವರೇ ಎಲ್ಲರೂ; ಗೌರಿಯನ್ನು ಕೂರಿಸುವ ಪದ್ಧತಿ ಮಡಕಶಿರದ ಆಚೆ ಅಗಳಿಯಿಂದ ಪಾಪಕ್ಕನ ಜೊತೆಗೆ ಮದುವೆಯಾಗಿ ಬಂದದ್ದು. ತದಿಗೆಯ ದಿನ ಹಸಿಮಣ್ಣಿನ ಗೌರಿಗೆ ಮನೆಯ ಒಡವೆ ಇಡುವುದು, ಮೂರನೆಯ ದಿನ ನೀರಿಗೆ ಬಿಡುವ ಮುಂಚೆ ತೆಗೆದಿಡುವುದು. ಇಟ್ಟ ಕೈಯೇ ತೆಗೆಯಬೇಕು, ಬೇರೆ ಕೈ ಸೋಕಿದರೆ ಗೌರಿ ಮುನಿಯುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಮೊನ್ನೆ ಸರ ಮತ್ತು ಓಲೆಯನ್ನು ಪಾಪಕ್ಕ ಇಟ್ಟಳು. ಮೂಗುಬೊಟ್ಟನ್ನು ತಂಗಿಯ ಕೈಗೆ ಕೊಟ್ಟು, ‘ನೀನಿಡೆ, ನಿಂಗೂ ಅವ್ವನೇ ಅಲ್ವಾ’ ಎಂದು ಎಣ್ಣೆ ತರಲು ಒಳಗೆ ಹೋದಳು. ಮಣ್ಣಿನ ಮೂಗಿಗೆ ಒತ್ತುವ ಮುಂಚೆ ಒಂದು ಗಳಿಗೆ, ರೆಪ್ಪೆ ಬಡಿಯುವಷ್ಟು ಹೊತ್ತು, ಕದಿರಮ್ಮ ಅದನ್ನು ತನ್ನ ಬರಿಮೂಗಿಗೆ ಹಿಡಿದುಕೊಂಡಿದ್ದಳು. ಗೋಡೆಯ ಕನ್ನಡಿಯಲ್ಲಿ ನೋಡಿದರೆ ಅಲ್ಲಿ ಅವಳ ಮುಖದ ಹಿಂದೆ ಬಾಗಿಲಲ್ಲಿ ಅಕ್ಕನ ಮುಖವೂ ಇತ್ತು. ‘ಒಪ್ತದೆ ಕಣೆ’ ಅಂದಿದ್ದಳು ಪಾಪಕ್ಕ, ಅಷ್ಟೆ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಎರಡು ಮಾತು ಮಾತ್ರ ಎರಡು ದಿನದಿಂದ ಹಲ್ಲಿನ ಸಂದಿಯ ನಾರಿನ ಹಾಗೆ ಕೂತಿದೆ.

ಆದರೂ ಅದು ನಿನ್ನೆಯ ಸಂಜೆಗೆ ಮೊದಲು ಬರೀ ನಾಚಿಕೆಯಾಗಿತ್ತು, ಭಯವಾಗಿರಲಿಲ್ಲ. ಭಾವ ಗೋಪಾಲಪ್ಪ ಬೋರ್ಡ್ ಹೈಸ್ಕೂಲಿನಲ್ಲಿ ಮೇಷ್ಟರು. ಅದೇ ಸ್ಕೂಲಿಗೆ ಹೊಸದಾಗಿ ಬಂದ ಸೈನ್ಸ್ ಮೇಷ್ಟರು ಮರುಳಪ್ಪ ಬಳ್ಳಾರಿಯಲ್ಲಿ ಯಾರೋ ರೈಲ್ವೆ ದೊರೆ ಸೀಮೆಗೆ ವಾಪಸು ಹೋಗುವಾಗ ಹರಾಜಿಗಿಟ್ಟ ದುರ್ಬೀನನ್ನು ಕೊಂಡು ತಂದಿದ್ದರು. ಹಬ್ಬದ ಸಂಜೆ ಸ್ಕೂಲಿನ ಬಯಲಿನಲ್ಲಿ ಮುಕ್ಕಾಲಿಯ ಮೇಲೆ ಅದನ್ನು ನಿಲ್ಲಿಸಿ ಊರವರಿಗೆ ತೋರಿಸುತ್ತೇವೆಂದು ಸಾರಿದ್ದರು. ಚೌತಿಯ ದಿನ ಚಂದ್ರನನ್ನು ನೋಡಿದವರ ತಲೆಗೆ ಕಳ್ಳತನದ ಅಪವಾದ ಬರುತ್ತದೆ ಎಂಬುದು ಹಾಲುಹಲ್ಲಿನ ಕೂಸಿಗೂ ಗೊತ್ತು. ಹಾಗಾಗಿ ಹೆಂಗಸರೆಲ್ಲ ಪಡುವಣಕ್ಕೆ ಬೆನ್ನು ಮಾಡಿ, ಸೆರಗನ್ನು ಕೆನ್ನೆಯ ಎರಡೂ ಕಡೆಗೆ ಎಳೆದುಕೊಂಡು, ಗಾಣದೆತ್ತುಗಳ ಹಾಗೆ ನೇರ ನೋಡುತ್ತ ಬಂದಿದ್ದರು. ದುರ್ಬೀನಿನ ಬಾಯಿ ಮೂಡಲಕ್ಕಿತ್ತು. ಬೆಟ್ಟದ ಮಗ್ಗುಲಲ್ಲಿ ಆಗತಾನೆ ಏರಿ ಬಂದ ಒಂದು ದಪ್ಪ ನಕ್ಷತ್ರ ಮಿನುಗದೆ ಉರಿಯುತ್ತಿತ್ತು.

‘ಬರ್ರಿ ಅಕ್ಕಾರ, ಹೆದರಬ್ಯಾಡ್ರಿ’ ಎಂದರು ಮರುಳಪ್ಪ. ‘ಇದು ಚಂದ್ರ ಅಲ್ರಿ, ಗುರುಗ್ರಹ. ನಿಮ್ಮ ಚೌತಿ ಚಂದ್ರ ಹಿಂದುಗಡೆ ಬಿದ್ದಾನ. ಅವನ ಗೊಡವಿನ ಇಲ್ಲ.’

ಯಾರೂ ಮುಂದೆ ಬರಲಿಲ್ಲ. ಪಾಪಕ್ಕ ಒಂದು ಹೆಜ್ಜೆ ಹಿಂದಕ್ಕೇ ಇಟ್ಟಳು. ಮೇಷ್ಟರ ಮನೆಯವರೇ ಹಿಂಜರಿದರೆ ಮರ್ಯಾದೆ ಹೋಗುತ್ತದೆಂದೋ ಏನೋ, ಗೋಪಾಲಪ್ಪ ನಾದಿನಿಯ ಕಡೆ ತಿರುಗಿ, ‘ಮೊದಲು ನಮ್ಮ ಕದಿರಮ್ಮ ನೋಡ್ಲಿ’ ಅಂದರು. ಅವರ ಮನೆಯ ಅನ್ನ ತಿನ್ನುವವಳು, ಆಗುವುದಿಲ್ಲ ಅನ್ನುವ ಹಕ್ಕು ತನಗೆಲ್ಲಿದೆ ಎಂದುಕೊಂಡು ಕದಿರಮ್ಮ ಬಗ್ಗಿ ಕಣ್ಣಿಟ್ಟಳು. ಕೊಳವೆಯ ಕತ್ತಲ ಕೊನೆಯಲ್ಲಿ ಬೆಣ್ಣೆಯುಂಡೆಯಷ್ಟು ದುಂಡಗಿನ ಬೆಳಕು. ಅದರ ಮೇಲೆ ಒರೆಸಿಹೋದ ವಿಭೂತಿಯಂಥ ಎರಡು ಮಸುಕು ಪಟ್ಟೆ. ಎಡಕ್ಕೆ ಮೂರು, ಬಲಕ್ಕೆ ಒಂದು ಚುಕ್ಕೆ, ಕಾಣದ ದಾರಕ್ಕೆ ಪೋಣಿಸಿದ ಹಾಗೆ ಒಂದೇ ಸಾಲಿನಲ್ಲಿ. ಎಷ್ಟು ಚೆಂದ ಇತ್ತೆಂದರೆ ಅವಳು ಹೆದರಿಕೆ ಮರೆತು, ಹೆಂಗಸು ಮಾತಾಡಬಾರದೆಂಬುದನ್ನೂ ಮರೆತು ಕೇಳಿದಳು: ‘ಪಕ್ಕದಾಗಿರೋ ಚುಕ್ಕೆ ಯಾವು ಸ್ವಾಮಿ?’

‘ಅವು ಗುರುವಿನ ಚಂದ್ರರು. ಬಲಕ್ಕ ಒಂಟಿ ನಿಂತೈತಲ್ಲ, ಅದು ಎಲ್ಲಕ್ಕಿಂತ ದೊಡ್ಡದು. ನಮ್ಮ ಚಂದ್ರನಿಗಿಂತ ದೊಡ್ಡದು. ಅದರ ತೂಕ ಲೆಕ್ಕ ಹಾಕಿದವರು ಹೇಳ್ತಾರ, ಬರೀ ಕಲ್ಲಾಗಿದ್ರ ಅಷ್ಟು ಹಗುರ ಇರ್ತಿರಲಿಲ್ಲ, ಅರ್ಧಕ್ಕರ್ಧ ಐಸ್ ಗಡ್ಡಿ ಇದ್ರೂ ಇರಬಹುದು ಅಂತ. ಸೂರ್ಯ ಅಲ್ಲಿಗೆ ಬಲು ದೂರ. ಕರಗೂದ ಇಲ್ಲ. ವಾರಕ್ಕೊಂದು ಸುತ್ತು ಗುರುವನ್ನ ಸುತ್ತತೈತಿ, ಯಾವಾಗ್ಲೂ ಒಂದ ಮುಖ ತೋರಿಸ್ಕೊಂಡು. ಬೆನ್ನು ತಿರುಗಿಸೂದಿಲ್ಲ.’

‘ನಮ್ಮನಿ ಸುತ್ತಾನೂ ಹಂಗ ಒಂದು ಸುತ್ತತೈತಿ’ ಎಂದರು ಗೋಪಾಲಪ್ಪ, ನಾದಿನಿಯನ್ನು ತೋರಿಸಿ. ಮೇಷ್ಟರೆಲ್ಲ ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವರು ಹಾಗೆ ಹಾಸ್ಯ ಮಾಡುವವರೇ. ಆದರೆ ಕದಿರಮ್ಮನ ಕಿವಿಯಲ್ಲಿ ಚಂದ್ರ ಅನ್ನುವ ಮಾತು ಆಗಲೇ ಬಿದ್ದಿತ್ತು, ಕಣ್ಣು ಮಾತ್ರ ಇನ್ನೂ ಕೊಳವೆಯಲ್ಲೇ ಇತ್ತು. ಗೊತ್ತಿಲ್ಲದೆ ನೋಡಿದ್ದು ಒಂದು; ಗೊತ್ತಾದ ಮೇಲೂ ಆ ಒಂಟಿ ಚುಕ್ಕೆಯನ್ನು ಇನ್ನೊಂದು ಉಸಿರಿನಷ್ಟು ಹೊತ್ತು ನೋಡಿದ್ದು ಇನ್ನೊಂದು. ಅದನ್ನು ಯಾರೂ ಕಾಣಲಿಲ್ಲ. ತಲೆ ಎತ್ತುವಾಗ ಜವಾನನ ಹೆಂಡತಿ ಸುಂಕಮ್ಮ ಬಾಯಿಗೆ ಕೈಯಿಟ್ಟುಕೊಂಡಿದ್ದಳು: ‘ಅಯ್ಯೋ ಶಿವನ! ಚೌತಿ ದಿನ ನಾಕು ಚಂದ್ರನ್ನ ನೋಡಿಬಿಟ್ಳಲ್ಲವ್ವಾ! ಒಂದು ನೋಡಿದವರದ ಬಾಳು ನೇರ್ಪಾಗಂಗಿಲ್ಲ, ಇವಳ ಗತಿ ಏನು!’ ಆಮೇಲೆ ಯಾವ ಹೆಂಗಸೂ ದುರ್ಬೀನಿನ ಹತ್ತಿರ ಸುಳಿಯಲಿಲ್ಲ. ಮನೆಗೆ ಬಂದು ಕದಿರಮ್ಮ ನಾಚಿಕೆ ಬಿಟ್ಟು, ಶಮಂತಕ ಮಣಿಯ ಕಥೆ ಓದಿ ಅಕ್ಷತೆ ಹಾಕಿಬಿಡಿ ಭಾವ ಎಂದು ಕೇಳಿಕೊಂಡಳು. ಅವರಿಗೆ ಮತ್ತೂ ನಗು. ‘ಆ ಕಥಿ ನಮ್ಮ ಚಂದ್ರಗಷ್ಟ ಬರದಾರವ್ವಾ. ಗುರುವಿನ ಚಂದ್ರಕ್ಕ ಬ್ಯಾರೆ ಪುರಾಣ ಬರೀಬೇಕು’ ಎಂದು ಎಲೆಯಡಿಕೆ ಹಾಕಿಕೊಂಡರು. ನಮ್ಮ ಚಂದ್ರನಿಗಾದರೆ ಶಾಪವೂ ಉಂಟು, ಶಾಪಕ್ಕೆ ಪರಿಹಾರವೂ ಉಂಟು. ಆ ಕರಗದ ಚಂದ್ರನ ದೋಷಕ್ಕೆ ಯಾವ ಋಷಿಯೂ ಪರಿಹಾರ ಹೇಳಿಲ್ಲ.

ಹಿತ್ತಿಲಲ್ಲಿ ಬೂದಿಯಿಂದ ಪಾತ್ರೆ ತಿಕ್ಕುತ್ತ ಕೂತಳು. ನೀರು ತಣ್ಣಗಿತ್ತು. ಐಸ್ ಗಡ್ಡೆಯನ್ನು ಅವಳು ಜೀವಮಾನದಲ್ಲಿ ಒಂದೇ ಸಲ ಮುಟ್ಟಿದ್ದಳು. ಎರಡು ವರ್ಷದ ಹಿಂದೆ ಇದೇ ಮನೆಯ ನಡುಮನೆಯಲ್ಲಿ ಅವ್ವ ಜ್ವರದಿಂದ ಬಿದ್ದು, ಸನ್ನಿ ನೆತ್ತಿಗೇರಿ, ಅಗಳಿಯ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದೇನೆಂದು ಹಾಸಿಗೆಯನ್ನು ಕೆರೆಯುತ್ತಿದ್ದಾಗ ಡಾಕ್ಟರು ತಲೆಗೆ ಐಸ್ ಇಡಬೇಕೆಂದಿದ್ದರು. ಭಾವ ಯಾರ ಕೈಯಲ್ಲೋ ಹೇಳಿ ಬಳ್ಳಾರಿಯ ರೈಲಿನಲ್ಲಿ ಮರದ ಹೊಟ್ಟು ತುಂಬಿದ ಗೋಣಿಯಲ್ಲಿ ತರಿಸಿದರು. ಸ್ಟೇಷನ್ನಿಂದ ಹೊತ್ತು ತಂದವಳು ಕದಿರಮ್ಮ. ದಾರಿಯುದ್ದ ಗೋಣಿಯಿಂದ ನೀರು ಬೆನ್ನ ಮೇಲೆ ಇಳಿಯುತ್ತಿತ್ತು. ಇಳಿದಷ್ಟೂ ಅವ್ವನ ಆಯುಷ್ಯವೇ ಸೋರುತ್ತಿದೆಯೆಂದು ಓಡಿದಳು. ಬಿಚ್ಚಿದಾಗ ಒಳಗೆ ತೆಂಗಿನಕಾಯಿಯಷ್ಟು ಉಳಿದಿತ್ತು. ಹಿಡಿದರೆ ಕೆಂಡ ಹಿಡಿದ ಹಾಗೆ ಕೈ ಉರಿಯಿತು. ಅಷ್ಟು ತಣ್ಣಗಿನದು ಸುಡುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಂಜೆಯ ಹೊತ್ತಿಗೆ ಅದು ಕರಗಿತು, ಅವ್ವ ತಣ್ಣಗಾಗಿ ಗಟ್ಟಿಯಾದಳು. ಮಣ್ಣಿಗೆ ಕಳಿಸುವ ಮುಂಚೆ ಮೂಗುಬೊಟ್ಟು ತೆಗೆಯಬೇಕಾಗಿ ಬಂದಾಗ ಪಾಪಕ್ಕ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಐಸಿನಿಂದ ಇನ್ನೂ ಮರಗಟ್ಟಿದ್ದ ಬೆರಳಿನಿಂದ ಕದಿರಮ್ಮನೇ ಅವ್ವನ ಮೂಗಿನೊಳಗೆ ತಿರುಪನ್ನು ತಡಕಿ ತಿರುವಿದಳು. ಬೆರಳು ತಣ್ಣಗೋ ಮೂಗು ತಣ್ಣಗೋ ತಿಳಿಯದೆ ಹೋಯಿತು. ತೆಗೆದದ್ದನ್ನು ಅಕ್ಕನ ಅಂಗೈಗೆ ಹಾಕಿದಳು, ಹಿರಿಮಗಳಿಗೆ ಸಲ್ಲಬೇಕಾದದ್ದು. ಹಾಕುವಾಗ ಬೆರಳು ಅರೆಗಳಿಗೆ ಬಿಡದೆ ಹಿಡಿದಿತ್ತೇ? ಆಗ ಬಿಟ್ಟಿತ್ತು ಎಂದೇ ಎರಡು ವರ್ಷ ನಂಬಿದ್ದಳು. ಇವತ್ತು ನಂಬಿಕೆ ಬರಲಿಲ್ಲ. ಅಪವಾದವೆಂದರೆ ಮಾಡದ ಕಳವಿನದು. ಮನಸ್ಸು ಎರಡು ವರ್ಷದಿಂದ ಮಾಡುತ್ತಲೇ ಇರುವ ಕಳವಿನದಾದರೆ ಅದಕ್ಕೆ ಏನೆನ್ನುತ್ತಾರೆ?

ಒಂದು ಉಪಾಯವನ್ನು ಸುಂಕಮ್ಮನೇ ನಿನ್ನೆ ಹೇಳಿಕೊಟ್ಟಿದ್ದಳು. ನೆರೆಮನೆಯ ಮಾಳಿಗೆಯ ಮೇಲೆ ಕಲ್ಲೆಸೆದು ಅವರಿಂದ ಬಾಯಿತುಂಬ ಬೈಸಿಕೊಂಡರೆ ಬರಬೇಕಾದ ಕೆಟ್ಟ ಮಾತು ಅಲ್ಲಿಗೆ ತೀರುತ್ತದೆ. ಪಕ್ಕದ ಮನೆಯ ದುರುಗಕ್ಕನ ಬಾಯಿ ಕೇರಿಗೆಲ್ಲ ಹೆಸರಾದದ್ದು. ಕೋಳಿ ಅಂಗಳಕ್ಕೆ ಬಂದರೂ ಕೋಳಿಯ ಒಡೆಯನ ಮೂರು ತಲೆಮಾರು ಎತ್ತಿ ಆಡುವವಳು. ಕದಿರಮ್ಮ ಕೈ ತೊಳೆದು, ಒಂದು ಕಲ್ಲನ್ನು ಆರಿಸಿಕೊಂಡು, ಗೋಡೆಯಾಚೆಗೆ ಎಸೆದಳು. ಮಾಳಿಗೆಯ ಮಣ್ಣಿನ ಮೇಲೆ ಅದು ದಪ್ಪೆಂದಿತು. ಬಾಗಿಲು ತೆರೆಯಿತು.

‘ಯಾವಾಕಿ ಅಕಿ ಹಾಟಗಿತ್ತಿ, ನನ್ನ ಮಾಳಿಗಿ ಮ್ಯಾಲ…’ ಎಂದು ಶುರುವಾದ ದುರುಗಕ್ಕ ಗೋಡೆಯ ಮೇಲಿಂದ ಕದಿರಮ್ಮನ ಮುಖ ಕಂಡದ್ದೇ ನಿಂತುಬಿಟ್ಟಳು. ‘ನೀನಾ? ಯಾಕವ್ವಾ, ನಿನ್ನೆದಕ್ಕ ಹಿಂಗ ಹೆದರಿಯೇನು?’

‘ಬಯ್ಯಿ ದುರುಗಕ್ಕ’ ಎಂದಳು ಕದಿರಮ್ಮ. ‘ನಿನ್ನ ಕಾಲಿಗೆ ಬೀಳ್ತೀನಿ. ಚೆನ್ನಾಗಿ ಬಯ್ಯಿ.’

‘ಗಂಡ ಬಿಟ್ಟು ಅಕ್ಕನ ಮನ್ಯಾಗ ಬಿದ್ದಾಕಿಗೆ ಏನಂತ ಬೈಲವ್ವಾ? ನನ್ನ ಬಾಯಾಗ ಹುಳ ಬೀಳ್ತಾವ. ಬಾ, ಕಡುಬು ಮಾಡೀನಿ, ಎರಡು ತಿಂದು ಹೋಗು.’

ಕದಿರಮ್ಮ ಕಡುಬು ತಿಂದಳು. ಗಂಡ ದೊಡ್ಡರಂಗಪ್ಪ ಕೋಲಾರದ ಗಣಿಗೆ ಹೋದವನು ಅಲ್ಲೇ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದ. ಅಗಳಿಯಲ್ಲಿ ಅವನ ಅಣ್ಣತಮ್ಮಂದಿರು, ನಿನ್ನ ಕಾಲ್ಗುಣ ಎಂದು ಬಾಗಿಲು ಹಾಕಿದ್ದರು. ಈ ಮನೆಯಿಂದಲೂ ಕಳ್ಳಿ ಎನ್ನಿಸಿಕೊಂಡು ಹೊರಟರೆ ಯಾವ ದಾರಿಯ ಕೊನೆಯಲ್ಲಿ ಯಾವ ಬಾಗಿಲೂ ಇಲ್ಲ. ಅದನ್ನು ದುರುಗಕ್ಕ ಕೂಡ ಬಲ್ಲಳು. ಬಲ್ಲವರ ಕರುಣೆ ಬೈಗುಳಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ.

ಹೊತ್ತು ಇಳಿಯಿತು. ಪಾಪಕ್ಕ ಪಡಸಾಲೆಯಲ್ಲಿ ಕೂತು ಗೌರಿಯ ಸರ, ಓಲೆ ಬಿಚ್ಚಿಕೊಂಡು ಒಳಕೋಣೆಗೆ ನಡೆದಳು. ಹೋಗುತ್ತ, ‘ಕದ್ರಿ, ನಂದು ನಾನು ತೆಗೆದೆ. ನಿಂದು ನೀನು ತೆಗಿ. ಆರತಿಗೆ ಹೊತ್ತಾಯ್ತು’ ಅಂದಳು. ಕದಿರಮ್ಮ ಗೌರಿಯ ಮುಂದೆ ಕೂತಳು. ಎರಡು ದಿನದ ಬಿಸಿಲಿಗೆ ಮಣ್ಣು ಒಣಗಿ ಕೆನ್ನೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಮೂಗುಬೊಟ್ಟು ಒಣಗಿದ ಮಣ್ಣಿನಲ್ಲಿ ಕಚ್ಚಿ ಕೂತು ಕಿಟಕಿಯ ಬೆಳಕನ್ನೆಲ್ಲ ತನ್ನೊಂದು ಬಿಂದುವಿಗೆ ಎಳೆದುಕೊಂಡಿತ್ತು. ಅವಳು ಕೈ ಚಾಚಿದಳು. ಬೆರಳ ತುದಿಯಲ್ಲಿ ತಿರುಪಿನ ನೆನಪು ಎದ್ದಿತು. ತೆಗೆದರೆ ಅದು ತನ್ನ ಕೈಯಲ್ಲಿರುತ್ತದೆ. ಇಲ್ಲಿಂದ ಒಳಕೋಣೆಯವರೆಗೆ ತನ್ನ ಕೈಯಲ್ಲಿರುತ್ತದೆ. ಆ ನಡುವೆ ಬಿದ್ದರೆ? ಕಲ್ಲು ಕಳಚಿದ್ದರೆ? ಅಥವಾ ಕೈ ತಾನಾಗಿ ಮೊನ್ನೆಯ ಹಾಗೆ ಮೂಗಿನವರೆಗೆ ಹೋದರೆ, ಕನ್ನಡಿಯಲ್ಲಿ ಮತ್ತೆ ಅಕ್ಕ ನಿಂತಿದ್ದರೆ? ನೋಡಿದ ಚಂದ್ರ ನಾಲ್ಕು. ನಾಲ್ಕು ಕಡೆಯಿಂದಲೂ ಕಾಯುತ್ತಿವೆ. ಹೊರಗೆ ಭಾವನ ಮೆಟ್ಟಿನ ಸದ್ದಾಯಿತು. ಸುಟ್ಟ ಹಾಗೆ ಕೈ ಹಿಂದಕ್ಕೆ ಬಂತು. ಅಕ್ಕ ಬರಲಿ, ಅಕ್ಕನ ಎದುರಿಗೇ ತೆಗೆದು ಅಕ್ಕನ ಕೈಗೇ ಹಾಕುತ್ತೇನೆ ಎಂದುಕೊಂಡು ಎದ್ದು, ಗೋಡೆಗೆ ಒತ್ತಿ ನಿಂತಳು.

ಅಕ್ಕ ಬಂದಳು, ಅವಳ ಹಿಂದೆಯೇ ದುರುಗಕ್ಕ, ಸುಂಕಮ್ಮ, ಕೇರಿಯ ಇನ್ನಷ್ಟು ಹೆಂಗಸರು ಬಂದರು. ಆರತಿ ಎತ್ತಿದರು, ಹಾಡಿದರು. ಯಾರೋ ದೊಡ್ಡದೊಂದು ಚೆಂಡುಹೂವನ್ನು ಗೌರಿಯ ಕಿವಿಗೆ ಸಿಕ್ಕಿಸಿದಾಗ ಅದು ವಾಲಿ ಮೂಗನ್ನು ಮುಚ್ಚಿತು. ಈಗ ಎಲ್ಲರೆದುರು ಮುಂದೆ ಹೋಗಿ ಹೂ ಸರಿಸಿ ಬಂಗಾರಕ್ಕೆ ಕೈ ಹಾಕುವುದೇ? ಅದೂ ಸುಂಕಮ್ಮ ನೋಡುತ್ತಿರುವಾಗ? ಅಕ್ಕ ಒಂದು ಸಲ ತಿರುಗಿ ತಂಗಿಯ ಮುಖ ನೋಡಿದಳು. ಆಯಿತಾ ಎಂದು ಕೇಳುವ ನೋಟ. ಕದಿರಮ್ಮನ ತಲೆ ಅಲ್ಲಾಡಿತು. ಹೌದೆಂದು ಅಲ್ಲಾಡಿತೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಗೋಪಾಲಪ್ಪ ಗಣಪತಿಯನ್ನೂ ಗೌರಿಯನ್ನೂ ಒಂದೇ ಹರಿವಾಣದಲ್ಲಿ ಹೊತ್ತು ಹೊರಟಾಗಿತ್ತು.

ಕೇರಿಯ ಹಿಂದಿನ ಮೆಟ್ಟಿಲ ಬಾವಿಯಲ್ಲಿ ಆ ಸಲ ನೀರು ಚೆನ್ನಾಗಿತ್ತು. ಭಾವ ಸೊಂಟದ ಮಟ್ಟಕ್ಕೆ ಇಳಿದರು. ಮೇಲಿನ ಮೆಟ್ಟಿಲಲ್ಲಿ ನಿಂತ ಕದಿರಮ್ಮ ಬಾಯಿ ತೆರೆದಳು. ನಿಲ್ಲಿಸಿ ಎನ್ನಬೇಕು. ಒಂದೇ ಮಾತು. ಅಂದರೆ ಇಷ್ಟೂ ಜನ ತಿರುಗುತ್ತಾರೆ: ಯಾಕೆ ತೆಗೆಯಲಿಲ್ಲ, ನೀರಿಗೆ ಹೋಯಿತು ಅಂತ ಹೇಳಿ ಆಮೇಲೆ ನೀನೇ ಇಳಿದು ಎತ್ತಿಕೊಳ್ಳೋಣ ಅಂತಿದ್ದೆಯಾ, ಮೊನ್ನೆ ಮೂಗಿಗೆ ಹಿಡಿದುಕೊಂಡವಳು ನೀನೇ ಅಲ್ಲವಾ? ನಾಲಿಗೆ ಅವತ್ತಿನ ಗಡ್ಡೆಯ ಹಾಗೆ ಬಾಯಲ್ಲಿ ಗಟ್ಟಿಯಾಗಿ ಕೂತಿತ್ತು. ಭಾವ ಒಂದು ಸಲ ಮುಳುಗಿಸಿ ಎತ್ತಿದರು. ಚೆಂಡುಹೂವು ಕಳಚಿ ತೇಲಿತು. ಎರಡನೆಯ ಸಲ ಎತ್ತಿದಾಗ ಗೌರಿಯ ಮುಖದ ಬಣ್ಣ ಇಳಿದು ಬರೀ ಕಪ್ಪು ದುಂಡು ಉಳಿದಿತ್ತು. ಅದರ ಬಲಮಗ್ಗುಲಲ್ಲಿ ಒಂದೇ ಒಂದು ಚುಕ್ಕೆ ಪಡುವಣದ ಬೆಳಕಿಗೆ ಬೆಳ್ಳಗೆ ಉರಿಯಿತು. ನಿನ್ನೆ ಕೊಳವೆಯ ಕೊನೆಯಲ್ಲಿ ಕಂಡದ್ದೇ. ಅವಳಿಗೊಬ್ಬಳಿಗೇ ಕಂಡಿತು. ಮೂರನೆಯ ಸಲ ಅದು ಹೋದದ್ದು ಮೇಲೆ ಬರಲಿಲ್ಲ.

ಮನೆಗೆ ಬಂದು ದೀಪ ಹಚ್ಚಿದ ಮೇಲೆ ಪಾಪಕ್ಕ ಒಡವೆಯ ಡಬ್ಬಿ ತೆರೆದು ಕೂತು ಕೈ ಚಾಚಿದಳು. ‘ಮೂಗುಬೊಟ್ಟು ಕೊಡೆ, ಒಳಗಿಡ್ತೀನಿ.’

‘ಗೌರಿ ಮೂಗಲ್ಲೇ ಹೋಯ್ತು ಅಕ್ಕ.’

ಚಾಚಿದ ಕೈ ಹಾಗೇ ಇತ್ತು. ‘ತೆಗೀಲಿಲ್ವಾ?’

‘ಇಲ್ಲ.’

‘ಯಾಕೆ?’

‘ಹೆದರಿಕೆ ಆಯ್ತು.’

‘ಅವ್ವನ ಮೂಗುಬೊಟ್ಟು ಮುಟ್ಟಾಕೆ ಹೆದರಿಕೆನಾ?’ ಪಾಪಕ್ಕ ಮೆಲ್ಲಗೆ ಕೇಳಿದಳು. ‘ಮೊನ್ನೆ ಆಗ್ಲಿಲ್ವಲ್ಲೆ.’

ಬಂತು ಎಂದುಕೊಂಡಳು ಕದಿರಮ್ಮ. ಮೈ ಬಿಗಿ ಹಿಡಿದಳು. ಜುಟ್ಟು ಹಿಡಿದು ಬಡಿಯಲಿ, ಕಳ್ಳಿ ಅನ್ನಲಿ, ಭಾವನನ್ನು ಕೂಗಲಿ. ಅಂದರೆ ತಾನೂ ಕೂಗಬಹುದು, ಅಲ್ಲ ಅನ್ನಬಹುದು, ಅವ್ವನ ಮೇಲೆ ಆಣೆ ಇಡಬಹುದು. ‘ಬಾವಿಗೆ ಆಳು ಇಳಿಸಿ ಹುಡುಕ್ಸು ಅಕ್ಕ. ಈಗ್ಲೇ. ಬೇಕಾದ್ರೆ ನಾನೇ ಇಳೀತೀನಿ.’

‘ಗೌರಿ ಕರಗಿದ ನೀರನ್ನ ಕಲಕ್ತಾರೇನೆ? ಮನೆ ಉಳೀತದಾ?’ ಪಾಪಕ್ಕ ಡಬ್ಬಿಯ ಮುಚ್ಚಳ ಹಾಕಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕೂಸಿನ ಹಾಸಿಗೆ ಒದ್ದೆಯಾದರೆ ತಾಯಿ ಬೇರೆಯವರಿಗೆ ಕಾಣದ ಹಾಗೆ ಮಡಚಿಡುತ್ತಾಳಲ್ಲ, ಅಂಥ ಮುಖ. ‘ಬಿಡು. ಅವ್ವ ನನ್ನೊಬ್ಬಳಿಗೇ ಅವ್ವನಾ? ನಿಂಗೂ ಆಸೆ ಇರಲ್ವಾ? ನಾನೇ ಕೊಡಬೇಕಿತ್ತು, ಕೊಡಲಿಲ್ಲ.’

‘ಅಕ್ಕ, ನಾನು ತಗಂಡಿಲ್ಲ…’

‘ಇರ್ಲಿ ಕಣೆ. ನಿಮ್ಮ ಭಾವನಿಗೆ ಹೇಳಲ್ಲ. ಯಾರಿಗೂ ಹೇಳಲ್ಲ.’ ತಂಗಿಯ ತಲೆಯನ್ನೊಮ್ಮೆ ಸವರಿ ಪಾಪಕ್ಕ ಅಡಿಗೆಮನೆಗೆ ಹೋದಳು.

ಕದಿರಮ್ಮ ಅಂಗಳಕ್ಕೆ ಬಂದಳು. ಬೆಟ್ಟದ ಮಗ್ಗುಲಲ್ಲಿ ಗುರು ಏರಿ ಬಂದಿದ್ದ. ಬರಿಗಣ್ಣಿಗೆ ಅವನ ಪಕ್ಕದಲ್ಲಿ ಏನೂ ಇರಲಿಲ್ಲ. ಇದ್ದೇ ಇದೆಯೆಂದು ಮಾತ್ರ ಗೊತ್ತಿತ್ತು. ವಾರಕ್ಕೊಂದು ಸುತ್ತು, ಒಂದೇ ಮುಖ. ನಾಳೆ ಬೆಳಿಗ್ಗೆ ಅಕ್ಕ ಎಂದಿನಂತೆ ರೊಟ್ಟಿ ಹಾಕುತ್ತಾಳೆ, ನಾಡಿದ್ದೂ ಹಾಕುತ್ತಾಳೆ, ಹಾಕುವಾಗ ಒಂದು ಮಾತೂ ಆಡುವುದಿಲ್ಲ. ಆಡದ ಮಾತಿಗೆ ಯಾರೂ ಎದುರು ಮಾತಾಡಲಾರರು. ಅವಳು ಬಗ್ಗಿ ಕತ್ತಲಲ್ಲಿ ತಡಕಿದಳು. ಕೈಗೆ ಸಿಕ್ಕಿದ ಕಲ್ಲು ತಣ್ಣಗಿತ್ತು. ಗೋಡೆಯಾಚೆಗಲ್ಲ, ತಿರುಗಿ ನಿಂತು, ತಾನು ಮಲಗುವ ಮನೆಯ ಮಾಳಿಗೆಯ ಮೇಲೇ ಇದ್ದ ಬಲವೆಲ್ಲ ಹಾಕಿ ಎಸೆದಳು. ದಪ್ಪೆಂದಿತು. ಬೈಗುಳಕ್ಕೆ ಕಾಯುತ್ತ ಬಾಗಿಲ ಕಡೆ ತಿರುಗಿ ನಿಂತಳು.

ಒಳಗೆ ಬಳೆಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

‘ಒಳಕ್ಕೆ ಬಾರೆ ಕದ್ರಿ’ ಎಂದಿತು ಅಕ್ಕನ ದನಿ. ‘ಹೊರಗೆ ಥಂಡಿ ಐತೆ.’